ಸೊಸೆ ಹಿಡಿದ ಗದ್ದ

ಕಂಪ್ಲಿ
14-11-2024

ಸೌಭಾಗ್ಯವತಿ ತಂಗಿ ತಿಪ್ಪಕ್ಕನಿಗೆ, ಅಕ್ಕ ಯಮನಮ್ಮನ ಆಶೀರ್ವಾದಗಳು.

ನಾನು ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಹಿರಿಯಳು. ಓಣಿಯ ಮದುವೆ ಮಾತುಕತೆಗಳು ನಡೆಯುವುದು ನನ್ನ ಪಡಸಾಲೆಯಲ್ಲೇ. ನಮ್ಮಿಬ್ಬರಲ್ಲಿ ಹತ್ತನೇ ತರಗತಿ ಪಾಸಾದವಳೂ ನಾನೇ. ಮರೆಯಬೇಡ.

ನನ್ನ ಸೊಸೆ ಸೌಜನ್ಯ ಹೊಸಪೇಟೆಯಲ್ಲಿ ಹಲ್ಲಿನ ದವಾಖಾನೆ ತೆರೆದ ದಿನ, "ಅತ್ತಿ, ಮೊದಲ ನೀವ ಕುಂದರ್ರಿ, ವಸಡು ನೋಡ್ತೀನಿ" ಎಂದಳು. ಸೊಸೆಯ ಮುಂದೆ ಅತ್ತೆ ಬಾಯಿ ತೆರೆದು ಮಲಗುವುದೇ? "ನನ್ನ ಹಲ್ಲು ಕಬ್ಬು ಸಿಗೀತಾವ, ನಡಿ" ಎಂದೆ. ನೀನು ಹೋಗಿ ಕುಳಿತೆ. ಅವಳು ನಿನ್ನ ಗದ್ದ ಹಿಡಿದು, ಮಗುವಿನ ಮುಖದಂತೆ ಮೆಲ್ಲಗೆ ತಿರುಗಿಸಿ ನೋಡಿದಳು. ದಿನವೂ ನನ್ನ ಕಾಲು ಮುಟ್ಟುವ ಸೊಸೆ ನನ್ನ ಗದ್ದವನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಅವಳು ವಸಡಿಗೆ ಚಿಕಿತ್ಸೆ ಮಾಡಿದ ಮೇಲೆ ನಿನ್ನ ಸಕ್ಕರೆ ಕಾಯಿಲೆ ಹತೋಟಿಗೆ ಬಂತು. ಯಾರ ಮನೆಯ ಸೀಮಂತಕ್ಕೆ ಹೋದರೂ ನಿನ್ನದೇ ಉಪದೇಶ: "ವಸಡು ಕೆಟ್ಟರ ಬಾಯಾಗ ನಿಲ್ಲಂಗಿಲ್ಲರೀ, ಮೈಯೆಲ್ಲಾ ಕೆಡಸತೈತಿ. ನಮ್ಮ ಸೌಜನ್ಯ ಹೇಳ್ಯಾಳ." ನಮ್ಮ ಸೌಜನ್ಯ! ಅವಳನ್ನು ನೋಡಿ, ಒಪ್ಪಿ, ಮನೆ ತುಂಬಿಸಿಕೊಂಡವಳು ನಾನು.

ಈಗ ಕೇಳು. ಎರಡು ವರ್ಷದಿಂದ ನನ್ನ ವಸಡಿನಲ್ಲಿ ರಕ್ತ ಬರುತ್ತಿತ್ತು. ಯಾರೂ ಏಳುವ ಮೊದಲೇ ತಲೆದಿಂಬಿನ ಬಟ್ಟೆ ತೊಳೆದು ಹಾಕುತ್ತಿದ್ದೆ. ನಮ್ಮವ್ವನ ಹಾಗೆ ಹೊಗೆಸೊಪ್ಪಿನ ಪುಡಿ ತಿಕ್ಕಿಕೊಳ್ಳುತ್ತಿದ್ದೆ. ವಸಡು ಜೋಮು ಹಿಡಿದು ನೋವು ತಿಳಿಯುತ್ತಿರಲಿಲ್ಲ, ಆದರೆ ಇನ್ನಷ್ಟು ಕೆಡುತ್ತಿತ್ತು. ನನಗೂ ಸಕ್ಕರೆ ಇದೆಯಲ್ಲ, ಕಾಲಿನ ಹೆಬ್ಬೆರಳ ಗಾಯ ಐದು ತಿಂಗಳಾದರೂ ಮಾಯಲಿಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರು, "ಅಮ್ಮಾರ, ಗುಳಿಗಿ ಹೆಚ್ಚಿಸಿದ್ರೂ ಶುಗರ್ ಇಳೀವಲ್ದು. ಬಾಯಾಗ ಏನರ ಕೀವು ಐತೇನ್ರಿ? ಹಿಂಗ ಆದ್ರ ಬೆರಳು ತೆಗೀಬೇಕಾಗತೈತಿ" ಎಂದರು.

ಇಲ್ಲ ಎಂದೆ.

ಮನೆಗೆ ಬಂದರೆ ನೀನು ನನ್ನದೇ ಪಡಸಾಲೆಯಲ್ಲಿ ಕುಳಿತು ಸುಟ್ಟ ಮೆಕ್ಕೆಜೋಳದ ತೆನೆ ಕಡಿಯುತ್ತಿದ್ದೆ. ಸೌಜನ್ಯ ತಾನೇ ಹೆತ್ತ ಮಗುವನ್ನು ನೋಡುವಂತೆ ನಿನ್ನನ್ನು ನೋಡಿ ನಗುತ್ತಿದ್ದಳು. ಬೆರಳಿನ ಭಯ ಮಾಡಿಸದ ಕೆಲಸವನ್ನು ಆ ನಗು ಮಾಡಿಸಿತು.

ಮರುದಿನವೇ ಹೋಗಿ ಆ ಕುರ್ಚಿಯಲ್ಲಿ ಕುಳಿತೆ. ಪುಡಿಯ ಡಬ್ಬಿಯನ್ನು ಅವಳ ಕೈಗಿಟ್ಟೆ. ಅವಳು ಗದ್ದ ಹಿಡಿದು, "ಅತ್ತಿ, ಇಷ್ಟು ದಿನ ಹೆಂಗ ತಡಕೊಂಡ್ರಿ?" ಎಂದಳು. ನನ್ನ ಕಣ್ಣು ತುಂಬಿದ್ದು ನೋವಿಗೆ ಎಂದು ಅವಳು ಅಂದುಕೊಂಡಿರಬೇಕು.

ಎರಡು ಹಲ್ಲು ಹೋದವು. ಸಕ್ಕರೆ ಇಳಿಯಿತು, ಬೆರಳು ಉಳಿಯಿತು. ಅವಳ ದವಾಖಾನೆಯಲ್ಲಿ ತಿಂಗಳ ಮೊದಲ ಬುಧವಾರ ನಿನ್ನ ಸರದಿ ಇತ್ತಲ್ಲ, ಅದಷ್ಟೇ ಅಲ್ಲ, ಎಲ್ಲ ಬುಧವಾರಗಳಿಗೂ ನನ್ನ ಹೆಸರು ಬರೆಸಿ ಬಂದಿದ್ದೇನೆ. ನೀನು ಶುಕ್ರವಾರ ಹೋಗು.

ನಿನ್ನ ಅಕ್ಕ,
ಯಮನಮ್ಮ

ತಾ.ಕ.: ನನ್ನ ಚಿಕಿತ್ಸೆ ಹೋದ ತಿಂಗಳೇ ಮುಗಿದಿದೆ, ನೋವೂ ಇಲ್ಲ. ಇನ್ನೂ ನೋಯುತ್ತಿದೆ ಎಂದು ಸೌಜನ್ಯಳಿಗೆ ಹೇಳಿದ್ದೇನೆ. ನೀನು ಅವಳಿಗೆ ತಿಳಿಸಬೇಡ.