ಇಬ್ಬರು ಅಪ್ಪಂದಿರು

ಅಕ್ಕಾ,

ಹೇಗಿದ್ದೀಯ ಎಂದು ಕೇಳುವ ಧೈರ್ಯ ನನಗಿಲ್ಲ. ಆಶ್ರಯ ಕೋರಿ ಬಂದವರ ಮಾತನ್ನು ಸರ್ಕಾರಿ ಭಾಷೆಗೆ ತಿರುಗಿಸಿ ಹೇಳುವ ದುಭಾಷಿ ನಾನು. ನಿನ್ನ ಅರ್ಜಿಯ ವಿಚಾರಣೆಯ ದಿನ ನಿನ್ನ ಪಕ್ಕದ ಕುರ್ಚಿಯಲ್ಲಿದ್ದವಳು. ನಿನ್ನ ಹಾಗೆಯೇ ಊರು ಬಿಟ್ಟು ಓಡಿ ಬಂದವಳು, ನಿನಗಿಂತ ಒಂಬತ್ತು ವರ್ಷ ಮೊದಲು.

ಕಾಯುವ ಕೋಣೆಯಲ್ಲಿ ನನ್ನ ಕೋಟಿನ ಗುಂಡಿ ನೇತಾಡುತ್ತಿದ್ದುದನ್ನು ಕಂಡು ನೀನು ನಕ್ಕೆ. "ಎರಡು ಭಾಷೆ ಬರುತ್ತೆ, ಒಂದು ಗುಂಡಿ ಹೊಲಿಯೋಕೆ ಬರಲ್ವಾ?" ಹೊಲಿಗೆಯವಳ ಕಣ್ಣು! ನಿನ್ನ ಸೂಜಿಯನ್ನು ಕಾವಲಿನವರು ಬಾಗಿಲಲ್ಲೇ ಕಿತ್ತಿಟ್ಟುಕೊಂಡಿದ್ದರು. ಇಲ್ಲದಿದ್ದರೆ ನೀನು ಅಲ್ಲೇ ಹೊಲಿದುಕೊಡುತ್ತಿದ್ದೆಯೇನೋ.

ಒಳಗೆ, ಕಿಟಕಿ ತೆರೆಯಲಾಗದ ಆ ಕೋಣೆಯಲ್ಲಿ, ಅಂಗಡಿಗೆ ಬೆಂಕಿ ಇಟ್ಟವರು ಅಪ್ಪನನ್ನು ಹೊಸ್ತಿಲಲ್ಲೇ ಕೊಂದರು ಎಂದೆ ನೀನು. ನಾನು ಹಾಗೇ ತಿರುಗಿಸಿ ಹೇಳಿದೆ. ಅರ್ಧ ಗಂಟೆಯ ಬಳಿಕ ಅಧಿಕಾರಿ, ಗಡಿಯ ತನಕ ಯಾರು ತಂದುಬಿಟ್ಟರು ಎಂದು ಕೇಳಿದರು. "ಅಪ್ಪ" ಎಂದೆ ನೀನು. ಅವರು ಪೆನ್ನು ಕೆಳಗಿಟ್ಟರು. "ಸತ್ತೋರು ಎದ್ದು ಬಂದು ಬಿಟ್ಟು ಹೋದ್ರಾ?"

ಅದು ನಿನ್ನ ದೊಡ್ಡಪ್ಪ ಎಂದು ನನಗೆ ತಕ್ಷಣ ಹೊಳೆಯಿತು. ಒಂದೇ ಮನೆಯಲ್ಲಿ, ಒಂದೇ ಒಲೆಯ ಅಡುಗೆ ಉಂಡು ಬೆಳೆದ ಮಕ್ಕಳಿಗೆ ಇಬ್ಬರೂ ಅಪ್ಪಂದಿರೇ. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ನೀನು ನನ್ನ ಕಡೆ ತಿರುಗಿ, "ನಿಂಗೆ ಗೊತ್ತಲ್ಲಮ್ಮ" ಎಂದೆ. ನಾನು ಅದನ್ನೂ ತಿರುಗಿಸಿ ಹೇಳಿದೆ. "ದುಭಾಷಿಗೆ ಏನು ಗೊತ್ತು ಅಂತ ನಾನು ಕೇಳ್ಲಿಲ್ಲ" ಎಂದರು ಅಧಿಕಾರಿ.

"ನೀನು ವಕೀಲಳಲ್ಲ, ಬರೀ ಬಾಯಿ" ಎಂದು ಹಿಂದಿನ ವಾರವಷ್ಟೇ ಅವರು ನನ್ನನ್ನು ಗದರಿದ್ದರು. ನನ್ನ ವಾಸದ ಪರವಾನಗಿಯ ಕಡತವೂ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿತ್ತು. ಸುಮ್ಮನೆ ಕೂತೆ, ಅಕ್ಕಾ. ಗೊತ್ತಿದ್ದೂ ಸುಮ್ಮನೆ ಕೂತೆ.

"ಅರ್ಜಿದಾರಳ ಹೇಳಿಕೆ ನಂಬಲರ್ಹವಲ್ಲ." ತೀರ್ಪಿನ ಆ ಸಾಲನ್ನು ನಿನಗೆ ಓದಿ ಹೇಳಿದವಳೂ ನಾನೇ. ನೀನು ಅಳಲಿಲ್ಲ. "ನೀನೇನು ಮಾಡ್ತೀಯ ಬಿಡಮ್ಮ. ಊಟ ಮಾಡಿದ್ಯಾ?" ಎಂದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ನಿನ್ನನ್ನು ಊರಿಗೆ ವಾಪಸು ವಿಮಾನ ಹತ್ತಿಸಿದ ಮೇಲೆ ನನಗೆ ಬಾಯಿ ಬಂತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ನಿನ್ನ ವಕೀಲರಿಗೆ ಕೊಟ್ಟೆ. ಕಚೇರಿಯವರು ಮತ್ತೆ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಈಗ ಆಸ್ಪತ್ರೆಯೊಂದರಲ್ಲಿ ಒಗೆದ ಹಾಸಿಗೆ ಬಟ್ಟೆ ಮಡಚುತ್ತೇನೆ. ಅದರ ಬಗ್ಗೆ ದುಃಖವಿಲ್ಲ.

ಕಳೆದ ವಾರ ಆದೇಶ ಬಂತು. ನಿನ್ನ ಅರ್ಜಿಯನ್ನು ಮತ್ತೆ ವಿಚಾರಿಸುತ್ತಾರಂತೆ. ಆದರೆ ಅರ್ಜಿದಾರಳು ಖುದ್ದಾಗಿ ಹಾಜರಿರಬೇಕಂತೆ! ಓದುತ್ತಾ ಓದುತ್ತಾ ವಕೀಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಅವರಿಂದ ನಂಬರು ಪಡೆದು ನಿನ್ನ ದೊಡ್ಡಪ್ಪನಿಗೆ ಫೋನು ಮಾಡಿದೆ. "ವಿಮಾನ ಇಳಿದ ದಿನಾನೇ ಪೊಲೀಸ್ನೋರು ಅವಳನ್ನ ವಿಚಾರಣೆ ಅಂತ ಕರ್ಕೊಂಡು ಹೋದ್ರು. ಇನ್ನೂ ಮನೆಗೆ ಬಂದಿಲ್ಲ" ಎಂದರು. ನಾನು ನಡೆದದ್ದನ್ನು ಹೇಳಿದೆ. ಆ ವೃದ್ಧರು ಮೆಲ್ಲಗೆ ಕೇಳಿದರು: "ಹಾಗಾದ್ರೆ ನನ್ನಿಂದಾನೇ ಆಯ್ತಾ ಮಗಳೇ? ನನ್ನನ್ನ ಅಪ್ಪ ಅಂದಿದ್ದಕ್ಕಾ?"

"ಇಲ್ಲ, ನನ್ನಿಂದ" ಎಂದೆ.

"ಅವಳಿಗೇ ಬರಿ. ಬಂದಾಗ ಓದ್ಕೋತಾಳೆ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ಎಲ್ಲಿದ್ದರೂ ಬದುಕಿರು ಅಕ್ಕಾ. ನನ್ನನ್ನು ಬೈಯುವುದಕ್ಕಾದರೂ ಬಾ.

ನಿನ್ನ ಪಕ್ಕದಲ್ಲಿದ್ದೂ ಇಲ್ಲದವಳು,
ದುಭಾಷಿ