ಕಿವಿ ಮಿಷನ್ನಿಗೆ ಒಂದು ಹನಿ

ಮಾಗಳ, ಸೋಮವಾರ

ಮೊಬೈಲ್ ರಿಪೇರಿಯ ನಮ್ಮ ಭಾಗ್ಯಳಿಗೆ ಹುಲುಗಪ್ಪ ಮಾವನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನಗುತ್ತೀ, ಅದಕ್ಕೇ ಬರೆದೆ. ಹೊಳೆದಂಡೆಯ ಪಂಪುಗಳೆಲ್ಲ ನನ್ನ ಕೈ ಸೋಕಿದರೆ ಸಾಕು, ಓಡುತ್ತವೆ. ಕುಂಯ್ ಎಂದರೆ ಬೇರಿಂಗ್ ಒಣಗಿದೆ, ಎಣ್ಣೆ ಬಿಡಬೇಕು. ಇದನ್ನು ನನಗೆ ಯಾರೂ ಕಲಿಸಬೇಕಿಲ್ಲ. ನಿನ್ನ ಅತ್ತೆಯ ಕಿವಿ ಮಿಷನ್ನೂ ಕುಂಯ್ ಎನ್ನುತ್ತಿತ್ತು. ಒಂದೇ ಹನಿ ಇಂಜಿನ್ ಆಯಿಲ್ ಬಿಟ್ಟೆ. ಕುಂಯ್ ನಿಂತಿತು, ಅಲ್ಲಿಗೆ ನಾನು ಗೆದ್ದೆ. ಆದರೆ ಉಳಿದ ಸದ್ದೂ ನಿಂತಿದೆ.

"ಬರೀ ಬಾಯಿ ಆಡಸ್ತೀಯಲ್ಲ, ಮಾತಾಡು!" ಎಂದು ನಿನ್ನ ಅತ್ತೆ ಬೈಯುತ್ತಾಳೆ.

ಮಿಷನ್ನನ್ನು ಪೆಟ್ರೋಲಿನಲ್ಲಿ ತೊಳೆಯುವವನಿದ್ದೆ, ನಿನ್ನನ್ನು ಕೇಳೋಣವೆಂದು ತಡೆದೆ. ಮೊಬೈಲಿನ ಒಳಗೆ ಒರೆಸುವ ಆ ಸ್ಪಿರಿಟ್ ತೆಗೆದುಕೊಂಡು ಬೇಗ ಬಾ. ನನ್ನ ಬಡಾಯಿಯನ್ನು ಕೊನೆತನಕ ಕೇಳುವವಳು ಈ ಊರಲ್ಲಿ ಅವಳೊಬ್ಬಳೇ.

ನಿನ್ನ ಮಾವ,
ಹುಲುಗಪ್ಪ