ಕೇಬಲ್ ನಿನ್ನ ಮೇಜಿಗೇ ಬರಲಿ

ಅಕ್ಕಾ,

ಇಂಟರ್ನೆಟ್ ಕೇಬಲ್ ಎಳೆಯುವವನು ಬೆಳಿಗ್ಗೆ ಬರುತ್ತಾನೆ, ಬಾಗಿಲು ತೆಗೆ. ಹೌದು, ನಾನೇ ಕರೆದದ್ದು.

ಕೇಬಲ್ ಹಾಕಿಸಿದರೆ ಈ ಮನೆಗೇ ಗೂಟ ಹೊಡೆದು ಕಟ್ಟಿಸಿಕೊಂಡ ಹಾಗೆ, ಸಿಮ್ ಹಾಕುವ ವೈಫೈ ಡಬ್ಬಿಯಾದರೆ ಚೀಲಕ್ಕೆ ಹಾಕಿಕೊಂಡು ಎಲ್ಲಿಗಾದರೂ ಹೊರಡಬಹುದು ಎಂದು ತಿಂಗಳಿಡೀ ಜಗಳವಾಡಿದವನೂ ನಾನೇ. "ಹೊರಡೋನು ನೀನು, ಕೂತು ಪಾಠ ಮಾಡೋಳು ನಾನು" ಅಂತ ನೀನು ಅಂದಿದ್ದೆ. ಆಗ ನನಗೆ ಸಿಟ್ಟು ಬಂದಿತ್ತು.

ನಿನ್ನೆ ಸಂಜೆ ನಿನ್ನ ಆನ್‌ಲೈನ್ ಪಾಠದ ಹೊತ್ತಿಗೆ ನಾನು ನಿನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಕಿವಿ ಕೇಳದ ಆ ಪುಟ್ಟ ಹುಡುಗಿ ಪರದೆಯ ಮೇಲೆ ಕೈಸನ್ನೆಯಲ್ಲಿ ನಿನಗೆ ಏನೋ ಹೇಳುತ್ತಿದ್ದಾಗ ಚಿತ್ರ ನಿಂತುಹೋಯಿತು. ಬೇರೆಯವರಿಗಾದರೆ ಚಿತ್ರ ನಿಂತರೂ ದನಿ ಬರುತ್ತದೆ. ಅವಳ ಕೈ ಮಾತಿನ ನಡುವೆಯೇ ಗಾಳಿಯಲ್ಲಿ ನಿಂತಿತ್ತು. ನಾನು ಡಬ್ಬಿಯನ್ನು ಎತ್ತಿಕೊಂಡು ಕಿಟಕಿಯಿಂದ ಕಿಟಕಿಗೆ ಓಡಿದೆ. ಸಿಗ್ನಲ್ ಸಿಗುವ ಹೊತ್ತಿಗೆ ಅವಳು ಎದ್ದು ಹೋಗಿದ್ದಳು.

ಕಿಟಕಿಯ ಪಕ್ಕ ಕೊರೆಯಲು ಬಿಡಬೇಡ, ನೀರು ಸೋರುತ್ತದೆ. ನನ್ನ ಕೋಣೆಯ ಗೋಡೆ ಕೊರೆಸಿ ನೇರವಾಗಿ ನಿನ್ನ ಮೇಜಿಗೇ ಎಳೆಸು. ಮಂಚ ಸರಿಸಿಟ್ಟಿದ್ದೇನೆ. ಗೋಡೆ ಹಾಳಾಯಿತೆಂದು ಅಮ್ಮ ಗೊಣಗಿದರೆ ಬೈಗುಳವೆಲ್ಲ ನನ್ನ ಲೆಕ್ಕಕ್ಕೆ. ಹೇಗೂ ಅಭ್ಯಾಸವಿದೆ.

ಡಬ್ಬಿಯನ್ನು ಹುಡುಕಬೇಡ, ನನ್ನ ಚೀಲದಲ್ಲಿದೆ. ಪೇಟೆಯ ಆಚೆ ಒಂದು ಬಾಡಿಗೆ ಕೋಣೆ ನೋಡಲು ಹೋಗುತ್ತಿದ್ದೇನೆ. ಮುಖ ಊದಿಸಿಕೊಳ್ಳಬೇಡ, ಬರೀ ನೋಡುವುದಕ್ಕೆ. ಊಟಕ್ಕೆ ಬರುತ್ತೇನೆ.

ಅಷ್ಟರೊಳಗೆ ಆ ಹುಡುಗಿ ಏನು ಹೇಳಲು ಹೊರಟಿದ್ದಳೆಂದು ಕೇಳಿಡು. ಆ ಕೈ ಇನ್ನೂ ನನ್ನ ಕಣ್ಣ ಮುಂದೆ ಹಾಗೇ ನಿಂತಿದೆ.